ಮಾವನ ಎತ್ತರಕ್ಕೆ ನಿಂತ ಬಲೂನು

ನಿಮ್ಮ ಹಿಂದೆ ಎಂದಾದರೂ ಬಲೂನು ನಡೆದುಕೊಂಡು ಬಂದಿದೆಯೇ? ಕದ್ವಾಡದ ನನ್ನ ಅತ್ತೆಯ ಹಿಂದೆ ಬಂತು. ತಂದುಕೊಟ್ಟವನು ನಾನೇ.

ಮಾವ ತೀರಿಕೊಂಡ ವರ್ಷ. ಆ ಮನೆಯಲ್ಲಿ ಹಬ್ಬವಿಲ್ಲ, ಮೊಮ್ಮಗಳ ಬರ್ತ್‌ಡೇಯೂ ಇಲ್ಲ. ಪಾಪ, ಮಗು ಸಪ್ಪಗಿದೆಯೆಂದು ಮಡಗಾಂವದಿಂದ ಬರುವಾಗ ಬೆಳ್ಳಿ ಬಣ್ಣದ ಗ್ಯಾಸ್ ಬಲೂನು ತಂದೆ. ಅದು ಹೋಗಿ ಸೂರಿಗೆ ಅಂಟಿಕೊಂಡಿತು. ಮಗು ಎರಡೇ ದಿನಕ್ಕೆ ಅದನ್ನು ಮರೆತುಬಿಟ್ಟಿತು.

ಮುಂದಿನ ವಾರ ಅತ್ತೆಯ ಮಗ ಗಜಾನನನ ಫೋನು. (ತಾಯಿಗೆ ಕೇಳಿಸಬಾರದೆಂದು ಎಸ್‌ಟಿಡಿ ಬೂತಿಗೆ ಬಂದು ಮಾಡಿದ್ದ.) "ಆಯಿ ನಿದ್ದೆನೇ ಮಾಡೂದಿಲ್ಲ. ನೀ ಒಮ್ಮೆ ಬಂದು ಹೋಗು."

ಅಂಕೋಲೆಯಿಂದ ಬಸ್ ಹಿಡಿದು ಹೋದೆ. ಬಲೂನು ಕೆಳಗಿಳಿದಿತ್ತು. ಬಾಲದ ರಿಬ್ಬನ್ನು ನೆಲ ಸವರುತ್ತ, ಸರಿಯಾಗಿ ಒಬ್ಬ ಮನುಷ್ಯನ ತಲೆಯ ಎತ್ತರಕ್ಕೆ, ನಡುಮನೆಯಲ್ಲಿ ನಿಂತಿತ್ತು. ಅತ್ತೆ ಅಡುಗೆಮನೆಗೆ ಹೋದರು. ಅದೂ ಹೋಯಿತು. ಅತ್ತೆ ಕೋಣೆಗೆ ಬಂದರು. ಅದೂ ಬಂದು ಮಾವನ ಮಂಚದ ಬಳಿ ನಿಂತಿತು. ಒಂದಿಷ್ಟೂ ಸದ್ದಿಲ್ಲ. ಹಾಡುಹಗಲಲ್ಲೇ ನನ್ನ ಮೈ ಜುಮ್ಮೆಂದಿತು.

"ಅವರ ಎತ್ತರನೇ ಅಲ್ಲಾ ತಮಾ?" ಎಂದರು ಅತ್ತೆ.

ಹೆದರಿದವನಿಗೆ ಭಾಷಣ ಚೆನ್ನಾಗಿ ಬರುತ್ತದೆ. ಶುರು ಮಾಡಿದೆ. ಇದು ಹೀಲಿಯಂ ಅತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯುವುದಿಲ್ಲ, ಯಾರ ಜೊತೆಗೂ ಸೇರುವುದಿಲ್ಲ. ಭೂಮಿಯಲ್ಲಿ ಸಿಗುವ ಮೊದಲೇ ಸೂರ್ಯನ ಬೆಳಕಿನಲ್ಲಿ ಇದರ ಸುಳಿವು ಸಿಕ್ಕಿತ್ತು, ಗುಂಟೂರಿನಲ್ಲಿ ನಿಂತು ಗ್ರಹಣ ನೋಡಿದವರಿಗೆ. (ನಾವು ಗ್ರಹಣದ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂರುವವರು.) ಮಾವನನ್ನು ಮಲಗಿಸಿದ್ದರಲ್ಲ, ಆ ಎಂಆರ್‌ಐ ಮಷೀನನ್ನು ತಣ್ಣಗಿಡುವುದೂ ಇದೇ. ನೀವು ನಡೆದಾಗ ಗಾಳಿ ಹಿಂದೆ ಎಳೆದುಕೊಳ್ಳುತ್ತದೆ, ಹಗುರವಾದದ್ದು ಬರುತ್ತದೆ, ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಸೋರುತ್ತದೆ. ಇನ್ನು ಎದೆಮಟ್ಟ, ಆಮೇಲೆ ಮೊಣಕಾಲು, ಆಮೇಲೆ ನೆಲ.

ಅತ್ತೆ ಮಂಚದ ಕಡೆ ನೋಡಿದರು. "ಅವರೂ ಹಂಗೇ ಹೋದ್ರು. ಮೊದಲು ನಿಲ್ತಿದ್ರು. ಮತ್ತೆ ಕೂತೇ ಇರ್ತಿದ್ರು. ಮತ್ತೆ ಮಲಗಿದ್ದೇ. ಅದನ್ನ ಇನ್ನೊಂದ್ಸಲ ನೋಡ್ತಾ ಕೂತಿರ್ಬೇಕಾ ನಾನು?"

ಸಮಾಧಾನ ಹೇಳಲು ಹೋದವನ ಗತಿ ಇದು.

ಗಜಾನನ ಸೂಜಿ ತಂದ. ಅತ್ತೆ ಅವನ ಕೈ ಹಿಡಿದರು. "ಚುಚ್ಚೂದು ಬೇಡ. ಹೊರಗೆ ಬಿಡಿ. ಮೇಲೆ ಹೋಗ್ಲಿ."

ಅದೇ ಸರಿ ಅನ್ನಿಸಿತು. ಹೀಲಿಯಂಗೆ ಭೂಮಿಯ ಹಂಗಿಲ್ಲ. ಬಿಟ್ಟರೆ ಕೊನೆಗೆ ಆಕಾಶವನ್ನೂ ದಾಟಿ ಹೋಗಿಬಿಡುತ್ತದೆ. ರಿಬ್ಬನ್ನು ಹಿಡಿದು ಅಂಗಳಕ್ಕೆ ತಂದು ಬಿಟ್ಟೆ.

ಮೇಲೇರುವಷ್ಟು ಶಕ್ತಿ ಅದರಲ್ಲಿ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಕಾಳಿ ನದಿಯ ಕಡೆಯಿಂದ ಗಾಳಿ ಬೀಸಿತು. ಬಲೂನು ನಿಧಾನಕ್ಕೆ ತಿರುಗಿ, ಮೆಟ್ಟಿಲು ಹತ್ತಿ, ಬಾಗಿಲಿಗೆ ಬಂತು. ಅತ್ತೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಗಾಳಿ, ತೂಕ, ಒತ್ತಡ, ಎಲ್ಲ ನನಗೆ ಗೊತ್ತು ಸ್ವಾಮಿ. ಆದರೆ ನಾನೂ ಯಾಕೆ ಸರಿದು ನಿಂತೆ?