ನಾಗಬನ, ಬಾವಿ ಮತ್ತು ವೈಫೈ

ಪಡುಬಿದ್ರಿಯಲ್ಲಿ ಬಂಗುಡೆ ಮೀನು ಮಗ್ಗುಲು ಬದಲಿಸಿದರೂ ಕಾಪುವಿನ ಮುದ್ದಣ್ಣನ ಕಿವಿಗೆ ಕೇಳುತ್ತದೆ. ಅಂಥ ಕಿವಿಗೆ ಏಳು ವರ್ಷಗಳಿಂದ ಬೇಕಾಗಿದ್ದದ್ದು ಒಂದೇ: ತಂಗಿ ಕುಶಲಾ ತನ್ನೊಡನೆ ಆಡುವ ಒಂದು ಮಾತು.

ಮನೆ ಪಾಲಾದಾಗ ಹಲಸಿನ ಮರದ ನೆರಳು ಯಾರಿಗೆ ಎಂಬ ಜಗಳ ಹುಟ್ಟಿ ಮಾತು ನಿಂತಿತ್ತು. ಚಾವಡಿಯ ನಡುವೆ ಗೋಡೆ ಎದ್ದಿತು. ಸಿಮೆಂಟು ಮುಗಿದದ್ದರಿಂದ ಮಾಡಿನ ಹಂಚಿಗೆ ಮುಟ್ಟಲಿಲ್ಲ. ಪಾಲಾಗದೆ ಉಳಿದದ್ದು ಮೂರು: ನಾಗಬನ, ಬಾವಿ, ವೈಫೈ. 'ಬಾವಿಯಂತೆ ವೈಫೈಯನ್ನೂ ಉಭಯತ್ರರು ಸೇದಿಕೊಳ್ಳತಕ್ಕದ್ದು' ಎಂದು ಪಾಲುಪತ್ರ ಬರೆದವನು ಸೇರಿಸಿಬಿಟ್ಟಿದ್ದ. ರೂಟರ್ ಇದ್ದ ಮೂಲೆ ಮುದ್ದಣ್ಣನಿಗೆ ಬಂತು. ಅವನಲ್ಲಿ ಇಸ್ಪೀಟು ಆಡುವ ಒಂದು ಕಂಪ್ಯೂಟರ್. ಆಚೆ ಮೂರು: ಕುಶಲಾಳದ್ದು, ಅವಳ ಮಕ್ಕಳಾದ ಅಕ್ಷಿತಾ ಮತ್ತು ಹರ್ಷಿತರದ್ದು.

ಒಂದು ಮಧ್ಯಾಹ್ನ ಮುದ್ದಣ್ಣ ಗುಡಿಸುವಾಗ ರೂಟರಿನ ಪ್ಲಗ್ ಕಳಚಿತು. ಗೋಡೆಯ ಮೇಲಿಂದ ಕುಶಲಾಳ ಸ್ವರ ಬಂತು: "ಅಕ್ಷಿತಾ, ನೆಟ್ಟಿಗೆ ಎಂತ ಆಯ್ತು ಅಂತ ನಿನ್ನ ಮಾವನ ಹತ್ತಿರ ಕೇಳು."

ನಿನ್ನ ಮಾವ! ಅಷ್ಟು ವರ್ಷ ಬರೀ 'ಆಚೆಯವರು' ಆಗಿದ್ದ ಮುದ್ದಣ್ಣ ಪೊರಕೆ ಹಿಡಿದೇ ಅರ್ಧ ಗಂಟೆ ನಿಂತ. ಅಂದಿನಿಂದ ದಿನಾ ನಾಲ್ಕಕ್ಕೆ ಪ್ಲಗ್ ತಾನಾಗಿ ಕಳಚತೊಡಗಿತು. ರಿಪೇರಿಯ ಜೋವಿನ್ ಎಷ್ಟು ಸಲ ಬಂದನೆಂದರೆ, ಅವನ ಬೈಕು ಹೇಳದೆಯೇ ಈ ಅಂಗಳಕ್ಕೆ ತಿರುಗಲು ಕಲಿಯಿತು.

"ಲೈನಲ್ಲಿ ಎಂತ ತೊಂದರೆಯೂ ಇಲ್ಲ ಮಾರಾಯ್ರೆ," ಎಂದ ಜೋವಿನ್ ಕೊನೆಗೆ. "ಅವರಿಗೆ ಬೇರೆ ಕನೆಕ್ಷನ್ ಕೊಡುವಾ."

ಮುದ್ದಣ್ಣ ಪ್ಲಗ್ಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

"ಬೇರೆ ಬೇಡ," ಎಂದಿತು ಆಚೆಯ ಸ್ವರ. "ರೂಟರ್ ನಮ್ಮ ಕಡೆ ಇಡಲಿ, ಸಾಕು."

ಇಟ್ಟದ್ದೂ ಆಯಿತು. ಆಮೇಲೆ ಒಂದು ತಿಂಗಳು ನೆಟ್ಟು ಸೀನಲಿಕ್ಕೂ ನಿಲ್ಲಲಿಲ್ಲ. ಆಚೆ ಮೂರೂ ಕಂಪ್ಯೂಟರುಗಳು ಸುಖವಾಗಿದ್ದವು. ಈಚೆ ಮುದ್ದಣ್ಣ ಒಬ್ಬನೇ ಆಡುವ ಇಸ್ಪೀಟಿನಲ್ಲೂ ಸೋಲತೊಡಗಿದ. ಕಣ್ಣು ಎಲೆಗಳ ಮೇಲೆ, ಕಿವಿ ಮಾತ್ರ ಗೋಡೆಯ ಮೇಲೆ.

ಒಂದು ದಿನ, ಸರಿಯಾಗಿ ನಾಲ್ಕಕ್ಕೆ, ನೆಟ್ಟು ಹೋಯಿತು. ಕರೆಂಟು ಇತ್ತು, ಫ್ಯಾನು ತಿರುಗುತ್ತಿತ್ತು. ಗೋಡೆಯ ಆಚೆ, ತೀರಾ ಹತ್ತಿರದಲ್ಲಿ, ಬಳೆಯ ಸದ್ದು.

ಮುದ್ದಣ್ಣ ಎದ್ದು ಬಂದ. 'ಕುಶಲಾ' ಎಂಬುದು ನಾಲಗೆಯ ತುದಿಯವರೆಗೆ ಬಂದು, ನಾಚಿ, ಒಳಗೆ ಹೋಯಿತು.

"ಅಕ್ಷಿತಾ," ಎಂದ ಕೊನೆಗೆ, "ನೆಟ್ ಇಲ್ಲ ಅಂತ ನಿನ್ನ ಅಮ್ಮನಿಗೆ ಹೇಳು."

ಆಚೆ ಬಳೆ ಮತ್ತೆ ಸದ್ದು ಮಾಡಿತು.

"ಅಕ್ಷಿತಾ ಮಣಿಪಾಲಕ್ಕೆ ಹೋಗಿದ್ದಾಳೆ," ಎಂದಳು ಕುಶಲಾ. "ಹರ್ಷಿತನೂ ಇಲ್ಲ. ನಾನು ಒಬ್ಬಳೇ ಇರುವುದು."