ಮಾವನ ಮುಂದೆ ಕೇಳಿದ ಪ್ರಶ್ನೆ

"ಕೈ ನೋಯ್ತದೇನ್ರಿ?"

"ಈಗ ಕಮ್ಮಿ ಅದರಿ, ಸಾಹೇಬ್ರ."

ಪ್ರಶ್ನೆ ಕೇಳಿದ್ದು ಶಿವಕಾಂತಾಳಿಗೆ. ಉತ್ತರ ಕೊಟ್ಟದ್ದು ಅವಳ ಮಾವ. (ಕೈ ಯಾರದು, ನೋವು ಯಾರದು!)

ಶಿವಕಾಂತಾ ನನ್ನ ಚಿಕ್ಕಮ್ಮನ ಮಗಳು, ಭಾತಂಬ್ರಾ ಊರಿನ ಸೊಸೆ. ಬೀದರ್ ಬಳಿಯ ಕೊಳಾರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾಗ ಯಂತ್ರ ಅವಳ ಬಲಗೈ ಬೆರಳುಗಳನ್ನು ಎಳೆದುಕೊಂಡಿತು. ಕಳೆದ ವಾರ ಭಾಲ್ಕಿಯಲ್ಲಿ ಇಂಥ ಗಾಯಾಳು ಕಾರ್ಮಿಕರಿಗೆ ಪುನರ್ವಸತಿ ಶಿಬಿರ. ಆಯ್ಕೆಯಾದವರಿಗೆ ಬೀದರಿನಲ್ಲಿ ತರಬೇತಿ, ನಂತರ ಕೆಲಸ. ಜೊತೆಗೆ ಒಬ್ಬರಿಗೇ ಪ್ರವೇಶವೆಂದು ನನ್ನನ್ನು ಬಾಗಿಲಲ್ಲೇ ತಡೆದರು. ಮಾವ ಒಳಗೆ ಹೋದರು; ನನಗೆ ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು, ಕೇಳಿಸುತ್ತಿತ್ತು.

ಪ್ರಶ್ನೆ ಕೇಳುತ್ತಿದ್ದ ಶಿಬಿರದ ಕಾರ್ಯಕರ್ತ ನನ್ನದೇ ವಯಸ್ಸಿನ ಯುವಕ, ಮೃದುಭಾಷಿ. "ಮತ್ತ ಕೆಲಸಕ್ಕ ಹೋಗ್ತೀರೇನ್ರಿ, ಅಕ್ಕಾರ?"

ಶಿವಕಾಂತಾ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಮಾವನೆದುರು ಸೊಸೆ ಬಾಯಿ ತೆರೆಯುವುದಿಲ್ಲ. ಈ ಸೀಮೆಯಲ್ಲೇ ಹುಟ್ಟಿದ ಯುವಕನಿಗೆ ಇದು ತಿಳಿಯದ ಸಂಗತಿಯೇ?

"ಆಕಿ ಯಾಕ ಹೋಗಬೇಕ್ರಿ? ಮನಿ ತುಂಬ ನಾವಿದ್ದೇವಲ್ರಿ. ಕುಂತು ಉಣ್ಣಲಿ," ಎಂದರು ಮಾವ. ಕೆಟ್ಟವರಲ್ಲ, ಮಮತೆಯಿಂದಲೇ ಹೇಳಿದರು.

"ಪುಣ್ಯ ಮಾಡೀರಿ ಅಕ್ಕಾರ, ಇಂಥ ಮಾವ ಸಿಕ್ಕಾರ. ಧೈರ್ಯ ಬಿಡಬ್ಯಾಡ್ರಿ. ನೆಕ್ಸ್ಟ್!"

ಆಪ್ತಸಮಾಲೋಚನೆ ಮುಗಿಯಿತು.

ಮಾವ ಚಹಾಕ್ಕೆ ಹೋದೊಡನೆ ಶಿವಕಾಂತಾ ಅತ್ತಳು. "ಮನ್ಯಾಗ ಕುಂತು ಕುಂತು ಹುಚ್ಚ ಹಿಡೀತದ, ಅಕ್ಕಾ. ಮಾವನೋರು ಕೈ ತೋರಸಲಾಕ ಬಂದಾರ, ನಾ ಕೆಲಸಕ್ಕ ಬಂದೀನಿ. ಆ ಸರ್ ಅವರಿಗಿ 'ಜರಾ ಹೊರಗ ಕುಂದರ್ರಿ' ಅಂದಿದ್ರ ಎಲ್ಲಾ ಹೇಳ್ತಿದ್ದೆ."

ಒಳಗೆ ಓಡಿದೆ. ತರಬೇತಿಗೆ ಉಳಿದಿದ್ದ ಕೊನೆಯ ಸೀಟು ಅಷ್ಟರಲ್ಲೇ ಔರಾದಿನ ಒಬ್ಬರ ಪಾಲಾಗಿತ್ತು.

"ಕೇಳಿದ್ನಲ್ರಿ ಮೇಡಂ? ಆಕಿ ಬಾಯೇ ಬಿಡಲಿಲ್ಲ. ನಂದೇನ್ ತಪ್ಪು?" ಎಂದ ಯುವಕ.

ವಿಷಾದವೆಂದರೆ, ಅವನು ಸುಳ್ಳು ಹೇಳುತ್ತಿರಲಿಲ್ಲ. ಗಾಯಗೊಂಡ ಕೈಯನ್ನು ಅಳೆಯಲು ಕಲಿಸಿದವರು ಅವನಿಗೆ ಕೇಳುವುದನ್ನು ಕಲಿಸಿರಲಿಲ್ಲ. ಯಾರನ್ನು ಹೊರಗೆ ಕೂರಿಸಬೇಕು, ಎಷ್ಟು ಹೊತ್ತು ಸುಮ್ಮನೆ ಕಾಯಬೇಕು, ಮೌನವನ್ನು ನಿರಾಕರಣೆಯೆಂದು ಯಾಕೆ ಓದಬಾರದು? ಇವು ಸಮಾಲೋಚನೆಯ ಮೊದಲ ಪಾಠಗಳು. ಆ ಪಾಠವಿಲ್ಲದೆ ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ ಅಧಿಕಾರಿಗಳೇ, ಉತ್ತರ ಕೊಡಬೇಕಾದವರು ನೀವು. ಶಿಬಿರಕ್ಕೆ ಬಂದ ತಲೆಗಳನ್ನು ಎಣಿಸಿದರೆ ಪುನರ್ವಸತಿಯಾಯಿತೇ?

ಮುಂದಿನ ಬ್ಯಾಚಿಗೆ ಬನ್ನಿ ಎಂದರು. ಮರಳುವ ಬಸ್ಸಿನಲ್ಲಿ ಮಾವ ನಿರಾಳವಾಗಿ ಸೊಸೆಗೆ ಹೇಳಿದರು: "ಇನ್ನ ಎಲ್ಲೂ ಅಲಿಯೋದು ಬ್ಯಾಡ, ತಂಗಿ. ಸಾಹೇಬ್ರೂ ಹೂಂ ಅಂದಾರ."

ಶಿವಕಾಂತಾ ಸೆರಗನ್ನು ಮತ್ತೆ ಮುಂದಕ್ಕೆಳೆದುಕೊಂಡಳು.

ಸಾಹೇಬರೇ, ನೀವು ಹೂಂ ಅಂದದ್ದು ಯಾರ ಪರವಾಗಿ?