ಅವ್ವ ನೀಡಿದ ಎಡಗೈ

ಆಗೆಲ್ಲ ನಮ್ಮ ಚಿನಕುರಳಿ ಕಡೆ ಮಧ್ಯಾಹ್ನವೆಂದರೆ ಬಂಡೆ ಸಿಡಿಸುವ ಸದ್ದು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸರು ಆ ಸದ್ದಿಗೆ ತಲೆಯನ್ನೂ ಎತ್ತುತ್ತಿರಲಿಲ್ಲ. ಅವರೆಯ ಸೊಗಡು ಬೆರಳಿಗೆ ಹತ್ತಿದರೆ ಮಾರನೆಯ ದಿನ ಪುಸ್ತಕಕ್ಕೂ ಅದೇ ವಾಸನೆ. ಅಂಥ ಬೆರಳುಗಳನ್ನಿಟ್ಟುಕೊಂಡು ನೀವೂ ಸ್ಕೂಲಿಗೆ ಹೋಗಿದ್ದರೆ ನಾನು ಹೇಳುವ ಚಳಿಗಾಲ ನಿಮಗೂ ಗೊತ್ತು. ಆದರೆ ಆ ಚಳಿಗಾಲದಲ್ಲಿ ನಮ್ಮವ್ವ ಸೀಟಿ ಊದುತ್ತಿದ್ದಳು.

ಮೂರನೇ ಕ್ಲಾಸಿನಲ್ಲಿ ನಾನು ಬುಲ್‌ಬುಲ್ ಆಗಿದ್ದೆ. ಸ್ಕೌಟಿನಲ್ಲಿ ಚಿಕ್ಕ ಹುಡುಗಿಯರ ಗುಂಪಿಗೆ ಅದೇ ಹೆಸರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಮೈದಾನದಲ್ಲಿ ದುಂಡಗೆ ನಿಂತು ಹಾಡುತ್ತಿದ್ದೆವು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತುಳಸಿ, ಕರಿಬೇವುಗಳನ್ನು ಮೂಸಿ ಹೆಸರು ಹೇಳುತ್ತಿದ್ದೆವು. ಗುಂಪು ನಡೆಸುತ್ತಿದ್ದ ನಾಗರತ್ನ ಮಿಸ್ಸಿಗೆ ಕೆ.ಆರ್. ಪೇಟೆಗೆ ವರ್ಗವಾಗಲಿತ್ತು. ಉಳಿದ ಮೇಷ್ಟ್ರುಗಳಿಗೆ ಇದು ಬೇಡದ ತಲೆನೋವು. ಹೆತ್ತವರಲ್ಲಿ ಯಾರಾದರೂ ವಹಿಸಿಕೊಂಡರೆ ಗುಂಪು ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚಿದಂತೆಯೇ. ಮಿಸ್ಸು ಮನೆಮನೆ ಅಲೆದರು. ಗಂಡಸರಿಗೆ ಪುರಸೊತ್ತಿರಲಿಲ್ಲ, ಹೆಂಗಸರಿಗೆ ನಾಚಿಕೆ.

ನಮ್ಮ ಜಗಲಿಗೂ ಬಂದರು. "ನಾನು ಓದಿರದು ಏಳ್ನೇ ಕ್ಲಾಸು ಮಿಸ್, ನಂಗೆಲ್ಲಿ ಬಂದದು ಇದೆಲ್ಲ" ಎಂದಳು ಅವ್ವ.

"ನೀವು ಕರೆದ್ರೆ ಮಕ್ಕಳು ಬರ್ತವಾ?"

"ಬರ್ದೇ ಏನು, ಬತ್ತವೆ."

"ಹಾಗಾದ್ರೆ ಮಿಕ್ಕಿದ್ದು ನಾನು ಕಲಿಸ್ತೀನಿ."

ಕಲಿಸಿದರು, ನಮ್ಮ ಹಿತ್ತಲಲ್ಲೇ. ಮೊದಮೊದಲು ಅವ್ವನಿಗೆ ಸೀಟಿ ಬಾಯಿಗಿಟ್ಟರೆ ನಗು ಬಂದು ಗಾಳಿಯೆಲ್ಲ ಪಕ್ಕದಿಂದ ಹೋಗುತ್ತಿತ್ತು. ಹೆಂಗಸು ಸೀಟಿ ಊದುವುದೆಂದರೇನು? ಆಮೇಲಾಮೇಲೆ ಕೊಟ್ಟಿಗೆಯ ಎಮ್ಮೆ ಬೆಚ್ಚುವಂತೆ ಊದಿದಳು. ಶನಿವಾರಗಳಂದು ಮಿಸ್ಸು ಬೇವಿನಮರದ ಕೆಳಗೆ ಸುಮ್ಮನೆ ಕೂತುಬಿಡುತ್ತಿದ್ದರು, ಅವ್ವ ನಮ್ಮ ನಡುವೆ ನಿಲ್ಲುತ್ತಿದ್ದಳು. ಅವ್ವ ತಪ್ಪಿದರೆ ಮಿಸ್ಸು ಮಕ್ಕಳೆದುರು ತಿದ್ದುತ್ತಿರಲಿಲ್ಲ, ಬಸ್ಸಿಗೆ ಹೋಗುವಾಗ ದಾರಿಯಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ಪಿಸುಗುಟ್ಟುತ್ತಿದ್ದ ಅವ್ವನಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಾದದ್ದೇ ಆಗ. ನನಗೋ, ನೆಲದ ಮೇಲೆ ಕಾಲು ನಿಲ್ಲದಷ್ಟು ಹೆಮ್ಮೆ. ಕೊನೆಗೆ ಅವ್ವನೇ ಹೋಗಿ, ಗುಂಪಿಗೆ ಹೊಸದಾಗಿ ಬಂದಿದ್ದ ಲತಾಳ ತಾಯಿ ಜಯಮ್ಮನನ್ನೂ ಜೊತೆಗೆ ಸೇರಿಸಿಕೊಂಡಳು.

ಸ್ಕೌಟಿನವರು ಕೈ ಕುಲುಕುವುದು ಎಡಗೈಯಲ್ಲಿ. ಅದು ಹೃದಯದ ಕಡೆಯ ಕೈ ಎಂದು ಮಿಸ್ಸು ಹೇಳಿಕೊಟ್ಟಿದ್ದರು.

"ಊರವ್ರ ಮುಂದೆ ಬಲಗೈ ಕೊಟ್ರೆ ಆಗಕಿಲ್ವಾ ಮಿಸ್?" ಅವ್ವ ಹಿತ್ತಲಲ್ಲಿ ಕೇಳಿದ್ದಳು.

"ನಿಯಮ ನಿಯಮವೇ ಅಲ್ವಾ ಸುಶೀಲಮ್ಮ. ನೀವೇ ಬದಲಾಯಿಸಿದ್ರೆ ಮಕ್ಕಳು ಏನನ್ನ ನಂಬ್ತವೆ?"

ಅವ್ವ ತಲೆಯಾಡಿಸಿದಳು.

ಸಂಕ್ರಾಂತಿಗೆ ಮುಂಚಿನ ಶನಿವಾರ ಹೊಸ ಹುಡುಗಿಯರಿಗೆ ಸ್ಕಾರ್ಫು ಕಟ್ಟುವ ಕಾರ್ಯಕ್ರಮ. ಹೆತ್ತವರೆಲ್ಲ ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ನಮ್ಮ ಮನೆಯ ಯಜಮಾನರಾದ ದೊಡ್ಡಪ್ಪ. ಮೊದಲು ಬಂದವಳು ಲತಾ. ಅವ್ವ ಅವಳ ಕೊರಳಿಗೆ ಸ್ಕಾರ್ಫು ಕಟ್ಟಿ ಎಡಗೈ ನೀಡಿದಳು.

ಲತಾಳ ಅಜ್ಜಿ ಎದ್ದು ನಿಂತರು. "ಏನವ್ವ ಇದು, ಒಳ್ಳೆ ಕೆಲ್ಸ ಸುರು ಮಾಡವಾಗ ಕೂಸಿಗೆ ಎಡಗೈ ಕೊಡ್ತಾವ್ಳಲ್ಲ."

ಲತಾ ಅಜ್ಜಿಯನ್ನು ನೋಡುತ್ತ ನಿಂತಳು. ಅವ್ವನ ಕೈ ಚಾಚಿದಂತೆಯೇ ಇತ್ತು.

"ಬಲಗೈ ಕೊಡು ಸುಶೀಲ" ಎಂದರು ದೊಡ್ಡಪ್ಪ.

ದೊಡ್ಡಪ್ಪನ ಮಾತಿಗೆ ಅವ್ವ ಎದುರಾಡಿದ್ದನ್ನು ನಾನು ಕಂಡವಳಲ್ಲ. ಅವತ್ತು ಕಂಡೆ. ಮುಖ ಎತ್ತದೆ, "ಇದು ಮಕ್ಳಿಗೆ ಏಳ್ಕೊಟ್ಟಿರದು ಭಾವ" ಎಂದಳು. ಲತಾ ತನ್ನ ಎಡಗೈ ಕೊಟ್ಟಳು. ದೊಡ್ಡಪ್ಪ ಟವೆಲ್ಲು ಕೊಡವಿ ಎದ್ದು ಹೋದರು. ಅವರ ಹಿಂದೆ ಇನ್ನೂ ಕೆಲವರು ಎದ್ದರು.

ಮುಂದಿನ ಶನಿವಾರ ಅರ್ಧ ಮಕ್ಕಳು ಬರಲಿಲ್ಲ. ಜಯಮ್ಮ ಹಿತ್ತಲ ಬಾಗಿಲಿಗೆ ಬಂದು, "ನಮ್ಮತ್ತೆ ಬುಡಾಕಿಲ್ಲ ಅಂತಾವ್ರೆ ಕಣಕ್ಕ" ಎಂದು ಕಣ್ಣೊರೆಸಿಕೊಂಡು ಹೋದರು. ಮನೆಯಲ್ಲಿ ದೊಡ್ಡಪ್ಪ ಅವ್ವ ಬಡಿಸಿದರೆ ಉಣ್ಣದೆ ಏಳುತ್ತಿದ್ದರು. ಅಪ್ಪ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಅವರೆಕಾಯಿ ಮುಗಿಯುತ್ತ ಬಂದಿದ್ದ ಒಂದು ಶನಿವಾರ ಮೈದಾನದಲ್ಲಿ ಇದ್ದದ್ದು ನಾನೊಬ್ಬಳೇ. ಆದರೂ ಅವ್ವ ಸೀಟಿ ಊದಿದಳು. ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತು, "ನಡಿ, ಮನೆಗೋಗವ" ಎಂದಳು.

ವರ್ಗವಾಗಿ ಹೋಗುವ ಮುಂಚೆ ಮಿಸ್ಸು ಮನೆಗೆ ಬಂದಿದ್ದರು. "ನಾನೇ ಹಟ ಮಾಡ್ಬಿಟ್ಟೆ. ಬಲಗೈ ಅಂದಿದ್ರೆ ಗುಂಪು ಉಳೀತಿತ್ತು."

"ಬುಡಿ ಮಿಸ್. ನಂಗೂ ಅದೇ ಸರಿ ಅನ್ನಿಸಿತ್ತು" ಎಂದಳು ಅವ್ವ. ಸೀಟಿಯನ್ನು ಸೆರಗಿನಲ್ಲಿ ಒರೆಸಿ ಹಿಂದಕ್ಕೆ ಕೊಟ್ಟಳು.

ನನಗೆ ಈಗಲೂ ಸಿಟ್ಟಿದೆ. ದೊಡ್ಡಪ್ಪನ ಮೇಲೋ, ಮಿಸ್ಸಿನ ಮೇಲೋ, ಹೇಳಲಾರೆ. ಇಬ್ಬರೂ ನೋಡಿದ್ದು ಯಾವ ಕೈ ಎಂಬುದನ್ನೇ, ಕೈ ನೀಡಿದ ಅವ್ವನನ್ನಲ್ಲ.

ಈಗ ನಾನಿರುವುದು ನಾಗಮಂಗಲದಲ್ಲಿ. ಮಗಳು ಬುಲ್‌ಬುಲ್ ಆಗಿದ್ದಾಳೆ. ಗುಂಪು ನಡೆಸಲು ಹೆತ್ತವರನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತುವವರು ಬಹಳ, ಮೈದಾನಕ್ಕೆ ಬರುವವರು ಕಡಿಮೆ. ಎಡಗೈ ಬಗ್ಗೆ ಮಾತ್ರ ಯಾರೂ ಚಕಾರ ಎತ್ತುವುದಿಲ್ಲ. ಅವರೆಕಾಳು ಬಿಡಿಸಿದ್ದೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಮಗಳ ಪುಸ್ತಕಕ್ಕೆ ಯಾವ ವಾಸನೆಯೂ ಇಲ್ಲ. ಅದಕ್ಕೆಲ್ಲ ನಾನು ಕೊರಗುವುದಿಲ್ಲ. ನನಗೆ ಬೇಕಿರುವುದು ಅವ್ವನ ಆ ಗಂಟಲು.

ಹೋದ ತಿಂಗಳು ಅವ್ವ ಬಂದಿದ್ದಾಗ ಮೈದಾನಕ್ಕೆ ಕರೆದುಕೊಂಡು ಹೋದೆ. ಇವತ್ತೊಂದು ದಿನ ನೀನೇ ನಡೆಸು ಎಂದು ಸೀಟಿ ಕೊಟ್ಟೆ. ತಿರುಗಿಸಿ ನೋಡಿ ವಾಪಸ್ಸು ಕೊಟ್ಟಳು. ಮಗಳು ಓಡಿಬಂದು ಅಜ್ಜಿಯ ಮುಂದೆ ಎಡಗೈ ಚಾಚಿದಳು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಲಗೈ ಮುಂದೆ ಮಾಡಿದಳು.

"ಅಜ್ಜಿ, ಎಡಗೈ ಕೊಡ್ಬೇಕು."

"ಗೊತ್ತು ಕಣವ್ವ" ಎಂದಳು ಅವ್ವ. ಬಲಗೈ ಹಾಗೇ ಇತ್ತು.